ಡ್ರೋನಿಗೆ ಮುಖ ಯಾವುದು, ಬೆನ್ನು ಯಾವುದು

ಔಷಧ ಹೊಡೆಯೋಕೆ ಹೊಲಕ್ಕೆ ಡ್ರೋನ್ ತಗೊಂಡು ಹೋದರೆ ರೈತರು ಕೇಳುವ ಮೊದಲ ಪ್ರಶ್ನೆ ಎಕರೆಗೆ ಎಷ್ಟು ಅಂತ. ಚೌಕಾಶಿ ಮುಗಿದು ಯಂತ್ರ ಮೇಲೆದ್ದ ಮೇಲೆ ಕೇಳುವುದು ಬೇರೆ. "ಸರ, ಈಗ ಏನ್ ಮಾಡ್ತೈತ್ರಿ ಅದು?" ಸಾಲು ಹಿಡಿದು ಸುಮ್ನೆ ಹಾರುವಾಗ ಯಾರೂ ಕೇಳುವುದಿಲ್ಲ. ನಿಂತಾಗ ಕೇಳುತ್ತಾರೆ. ಹಿಂದಕ್ಕೆ ಬಂದಾಗ ಕೇಳುತ್ತಾರೆ. ಒಮ್ಮೆಲೇ ಮೇಲಕ್ಕೆ ಏರಿತು ಅಂದರೆ ಕೇಳೋಕೂ ಪುರುಸೊತ್ತಿಲ್ಲ, ಓಡುತ್ತಾರೆ. ಎಷ್ಟೋ ಸಲ ಎಲ್ಲಿಗೆ ಓಡಬಾರದೋ ಅಲ್ಲಿಗೇ ಓಡುತ್ತಾರೆ.

ತಪ್ಪು ಅವರದಲ್ಲ. ತಾನು ಮುಂದೆ ಏನು ಮಾಡುತ್ತೇನೆ ಅಂತ ಆ ಯಂತ್ರ ನನಗೆ ಹೇಳುತ್ತದೆ, ಪಕ್ಕದಲ್ಲಿ ನಿಂತವರಿಗೆ ಹೇಳುವುದಿಲ್ಲ. ನನ್ನ ಕೈಯಲ್ಲಿ ರಿಮೋಟ್ ಇದೆ, ಅದರ ಪರದೆ ಮೇಲೆ ಎಲ್ಲಾ ಬರುತ್ತದೆ. ಒಡ್ಡಿನ ಮೇಲೆ ನಿಂತ ರೈತನಿಗೆ, ಬುತ್ತಿ ತಂದ ಅವನ ಹೆಂಡತಿಗೆ, ಶಾಲೆ ತಪ್ಪಿಸಿ ನೋಡೋಕೆ ಬಂದ ಹುಡುಗರಿಗೆ ಏನೂ ಇಲ್ಲ. ರೆಕ್ಕೆ ಬಡಿಯುವ ಸದ್ದೊಂದೇ.

ನನ್ನ ಬಗ್ಗೆ ಎರಡು ಮಾತು. ನಾನು ಮುಧೋಳದವನು. ಮೊದಲು ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೆ. ಅಂಗಡಿ ಈಗಲೂ ಇದೆ, ತಮ್ಮ ನೋಡಿಕೊಳ್ಳುತ್ತಾನೆ. ನಾನು ತರಬೇತಿ ಮುಗಿಸಿ, ಪೈಲಟ್ ಸರ್ಟಿಫಿಕೇಟ್ ತಗೊಂಡು, ಸಾಲ ಮಾಡಿ ಒಂದು ಡ್ರೋನ್ ಕೊಂಡೆ. ಮುಧೋಳ, ಮಹಾಲಿಂಗಪುರ, ಲೋಕಾಪುರ, ಜಮಖಂಡಿ ಕಡೆ ಕಬ್ಬಿಗೆ ಔಷಧ ಹೊಡೆಯುತ್ತೇನೆ. ಕಬ್ಬು ಆಳೆತ್ತರ ದಾಟಿತು ಅಂದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ಹೋಗುವುದು ಆಗದ ಮಾತು. ಎಲೆ ಮೈ ಕೊಯ್ಯುತ್ತದೆ. ಕೆಳಗೆ ರವದಿಯಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಹಾವು ಇದ್ದರೂ ಕಾಣುವುದಿಲ್ಲ. ಹಾಗಾಗಿ ಡ್ರೋನಿಗೆ ನಮ್ಮ ಕಡೆ ಕೆಲಸ ಚೆನ್ನಾಗಿಯೇ ಇದೆ.

ನಾನು ರಿಮೋಟ್ ಹಿಡಿದು ನಿಂತಿರುವುದನ್ನು ನೋಡಿ ನಾನೇ ಹಾರಿಸುತ್ತಿದ್ದೇನೆ ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ಹಾಗೇನಿಲ್ಲ. ಹೊಲದ ನಾಲ್ಕು ಮೂಲೆ ಗುರುತು ಮಾಡಿ ಕೊಟ್ಟರೆ ಸಾಲುಗಳನ್ನು ಅದೇ ಹಾಕಿಕೊಳ್ಳುತ್ತದೆ, ಅದೇ ಹಾರುತ್ತದೆ, ಔಷಧ ಎಲ್ಲಿ ಬಿಡಬೇಕು ಎಲ್ಲಿ ನಿಲ್ಲಿಸಬೇಕು ಅಂತ ಅದೇ ನೋಡಿಕೊಳ್ಳುತ್ತದೆ. ಬೆಳೆಯ ತುದಿಯಿಂದ ಎರಡು ಮೂರು ಮೀಟರ್ ಮೇಲೆ ಹೋಗುತ್ತಿರುತ್ತದೆ. ನಾನು ಕಾವಲುಗಾರ ಇದ್ದ ಹಾಗೆ. ಏನಾದರೂ ಎಡವಟ್ಟಾದರೆ ಮಾತ್ರ ಕೈ ಹಾಕುತ್ತೇನೆ.

ಈಗ ಅದು ನಡುಹೊಲದಲ್ಲಿ ನಿಂತಿತು ಅಂತಿಟ್ಟುಕೊಳ್ಳಿ. ಯಾಕೆ ನಿಂತಿರಬಹುದು? ಟ್ಯಾಂಕಿನಲ್ಲಿ ಔಷಧ ಮುಗಿದಿರಬಹುದು. ಬ್ಯಾಟರಿ ಇಳಿದಿರಬಹುದು. ಮುಂದೆ ಕರೆಂಟ್ ಕಂಬದ ತಂತಿಯೋ ಬೇವಿನ ಟೊಂಗೆಯೋ ರಾಡಾರಿಗೆ ಸಿಕ್ಕಿರಬಹುದು. ರಿಮೋಟಿನ ಸಿಗ್ನಲ್ ತಪ್ಪಿರಬಹುದು. ಅಥವಾ ನಾನೇ ನಿಲ್ಲಿಸಿರಬಹುದು. ಒಂದೊಂದಕ್ಕೂ ಮುಂದಿನ ಹೆಜ್ಜೆ ಬೇರೆ. ಒಂದರಲ್ಲಿ ಅಲ್ಲೇ ಕಾಯುತ್ತದೆ, ಇನ್ನೊಂದರಲ್ಲಿ ಸುತ್ತು ಹಾಕಿ ಮುಂದೆ ಹೋಗುತ್ತದೆ, ಮತ್ತೊಂದರಲ್ಲಿ ಎದ್ದ ಜಾಗಕ್ಕೆ ವಾಪಸ್ ಹೊರಡುತ್ತದೆ. ಹೊರಗಿನಿಂದ ನೋಡುವವನಿಗೆ ಎಲ್ಲವೂ ಒಂದೇ ಥರ. ಗಾಳಿಯಲ್ಲಿ ನಿಂತಿದೆ, ಅಷ್ಟೇ.

ನನಗೆ ಬುದ್ಧಿ ಬಂದದ್ದು ಲೋಕಾಪುರದ ಹತ್ತಿರ. ಹೊಲದ ಯಜಮಾನರಿಗೆ ವಯಸ್ಸಾಗಿತ್ತು, ನಾನು ಕಾಕಾ ಅಂತಲೇ ಕರೆಯುತ್ತಿದ್ದೆ. ಡ್ರೋನ್ ಹಾರುವಾಗ ದೂರ ನಿಲ್ಲಿರಿ ಅಂತ ಹೇಳಿದ್ದೆ, ನಿಂತಿದ್ದರು. ನಡುಹೊಲದಲ್ಲಿ ಸಿಗ್ನಲ್ ತಪ್ಪಿತು. ನಮ್ಮ ಡ್ರೋನಿನಲ್ಲಿರುವುದು ಆರ್ಡುಪೈಲಟ್, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರ್. ಅದರಲ್ಲಿ ಸಿಗ್ನಲ್ ಹೋದರೆ ಮನೆಗೆ ಬಾ ಅನ್ನುವ ಏರ್ಪಾಡಿದೆ. ನೀವು ಏನೂ ಬದಲಾಯಿಸದೆ ಬಿಟ್ಟರೆ ಅದು ಮೊದಲು ನೇರ 15 ಮೀಟರ್ ಎತ್ತರಕ್ಕೆ ಏರುತ್ತದೆ. ದಾರಿಯಲ್ಲಿ ಗಿಡಮರ ಸಿಗಬಾರದು ನೋಡಿ, ಅದಕ್ಕೆ. ಆಮೇಲೆ ಮನೆಯ ಕಡೆ ಬಂದು, ಮೇಲೆ 5 ಸೆಕೆಂಡ್ ನಿಂತು, ನಿಧಾನಕ್ಕೆ ಇಳಿಯುತ್ತದೆ. ಮನೆ ಅಂದರೆ ಮೋಟಾರ್ ಶುರು ಮಾಡಿದ ಜಾಗ. ನಾನು ಎಲ್ಲಿ ನಿಂತಿದ್ದೇನೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಾಕಾ ಲೆಕ್ಕ ಹಾಕಿದ್ದೇ ಬೇರೆ. ಯಂತ್ರ ಯಾರ ಕೈಯಲ್ಲಿ ರಿಮೋಟ್ ಇದೆಯೋ ಅವರ ಹತ್ತಿರ ಬರುತ್ತದೆ ಅಂತ ಅವರ ಎಣಿಕೆ. ಸರಿಯಾಗಿಯೇ ಇದೆ, ಅಲ್ವಾ? ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಡ್ರೋನ್ ಸರ್ರಂತ ಮೇಲೇರಿದ್ದು ನೋಡಿ ಅವರು ನನ್ನಿಂದ ದೂರ ಸರಿದು ನಿಂತರು. ಸರಿದು ನಿಂತದ್ದು ಬ್ಯಾಟರಿ ಪೆಟ್ಟಿಗೆಯ ಪಕ್ಕದ ಖಾಲಿ ಜಾಗದಲ್ಲಿ. ಅದೇ ಮನೆ. ನಾನು ಕೂಗುತ್ತಾ ಓಡಿದೆ. ಆ ಸದ್ದಿನಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು. ಮೇಲೆ ಬಂದು ನಿಂತಿತಲ್ಲ, ಆ 5 ಸೆಕೆಂಡಿನಲ್ಲಿ ಅವರ ತೋಳು ಹಿಡಿದು ಈಚೆ ಎಳೆದೆ. "ಅದು ನಿನ್ನ ಕಡೆ ಬರಬೇಕಲ್ಲೋ ತಮ್ಮಾ, ನನ್ನ ಕಡೆ ಯಾಕ ಬಂತು?" ಅಂದರು. ಹೆದರಿಕೆಗಿಂತ ಅವರಿಗೆ ಬೇಜಾರೇ ಜಾಸ್ತಿ ಆಗಿತ್ತು.

ಮರುದಿನದಿಂದ ನಾನು ಒಂದು ಚೀಲ ಸುಣ್ಣದ ಪುಡಿ ಇಟ್ಟುಕೊಳ್ಳುತ್ತೇನೆ. ಯಂತ್ರ ಇಡುವ ಜಾಗಕ್ಕೆ ಮೊದಲು ದೊಡ್ಡದೊಂದು ಸುತ್ತು ಹಾಕಿ, "ಏನೇ ಆಗ್ಲಿ, ಕಡೀಕ ಇದು ಇಲ್ಲೇ ಬಂದು ಕೂಡ್ತೈತಿ" ಅಂತ ಹೇಳಿ ಆಮೇಲೆ ಹಾರಿಸುತ್ತೇನೆ. ಅಂಗಡಿಯಲ್ಲಿ ಇದಕ್ಕೆಂದೇ ಕಿತ್ತಳೆ ಬಣ್ಣದ ಚಾಪೆ ಸಿಗುತ್ತದೆ. ನಮ್ಮ ಜನಕ್ಕೆ ಸುಣ್ಣದ ಗೆರೆ ಹೆಚ್ಚು ಗೊತ್ತು. ಚಾಪೆ ಕಂಡರೆ ಹುಡುಗರು ಕೂರುತ್ತಾರೆ. ಗೆರೆ ಕಂಡರೆ ಯಾರೂ ಒಳಗೆ ಕಾಲಿಡುವುದಿಲ್ಲ.

ನಿಜ ಹೇಳಬೇಕು ಅಂದರೆ ಯಂತ್ರದಲ್ಲೂ ದೀಪಗಳಿವೆ. ಬೇಕಾದಷ್ಟಿವೆ. ನೀಲಿ ಮಿಂಚುತ್ತಿದ್ದರೆ ಉಪಗ್ರಹದ ಸಿಗ್ನಲ್ ಇನ್ನೂ ಸಿಕ್ಕಿಲ್ಲ ಅಂತ. ಹಸಿರು ಮಿಂಚುತ್ತಿದ್ದರೆ ಸಿಕ್ಕಿದೆ, ಏಳೋಕೆ ತಯಾರು ಅಂತ. ಹಸಿರು ನಿಂತು ಉರಿದರೆ ಮೋಟಾರಿಗೆ ಅಪ್ಪಣೆ ಸಿಕ್ಕಿದೆ, ಹುಷಾರು ಅಂತ. ಹಳದಿ ಮಿಂಚಿದರೆ ಏನೋ ಕೆಟ್ಟಿದೆ ಅಂತ. ಇದಲ್ಲದೆ ಪೀ ಪೀ ಸದ್ದುಗಳು ಬೇರೆ. ಮಟಮಟ ಮಧ್ಯಾಹ್ನ ಬಾಗಲಕೋಟೆ ಜಿಲ್ಲೆಯ ಬಿಸಿಲಿನಲ್ಲಿ ಆ ದೀಪ ನನಗೇ ಕಾಣುವುದಿಲ್ಲ. ಕಂಡರೂ ಓದೋಕೆ ತರಬೇತಿ ಬೇಕು. ಇವೆಲ್ಲ ಮಾಡಿದವರು ಮಾಡಿದ್ದು ಪೈಲಟ್‌ಗೋಸ್ಕರ. ಪಕ್ಕದವನ ನೆನಪೇ ಅವರಿಗೆ ಇದ್ದ ಹಾಗಿಲ್ಲ.

ಒಂದು ಮಾತ್ರ ಬಿಟ್ಟು. ಮೋಟಾರಿಗೆ ಅಪ್ಪಣೆ ಕೊಟ್ಟ ತಕ್ಷಣ ಅದು ಮೇಲೇಳುವುದಿಲ್ಲ. ರೆಕ್ಕೆಗಳು ನಿಧಾನಕ್ಕೆ ತಿರುಗುತ್ತಾ ನಿಂತಿರುತ್ತವೆ. ಹಾರೋಕೆ ಆ ತಿರುಗಾಟ ಏನೂ ಬೇಕಿಲ್ಲ. ಯಂತ್ರ ಎಚ್ಚರವಾಗಿದೆ ಅಂತ ನೋಡಿದವರಿಗೆ ತಿಳಿಯಲಿ ಅಂತಲೇ ಇಟ್ಟಿದ್ದಾರೆ. ಇದಕ್ಕೆ ಯಾವ ತರಬೇತಿಯೂ ಬೇಡ. ಕೂಸು ಕೂಡ ಹಿಂದೆ ಸರಿಯುತ್ತದೆ. ಈ ಯಂತ್ರದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ದುಡ್ಡು ಉಳಿಸೋಕೆ ಯಾರೋ ಇದನ್ನೂ ತೆಗೆದುಹಾಕಿಲ್ಲವಲ್ಲ ಅಂತ ಖುಷಿ.

ನಮ್ಮ ಭಾಗದ ರೈತರಿಗೆ ತಾನೇ ಕೆಲಸ ಮಾಡುವ ಯಂತ್ರ ಹೊಸದೇನಲ್ಲ. ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಇನ್ನೇನು ಮತ್ತೆ? ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ನಡುರಾತ್ರಿ ಬಂದರೆ ಯಾರು ಎದ್ದು ಹೊಲಕ್ಕೆ ಹೋಗುತ್ತಾರೆ? ಅದಕ್ಕೇ ಆಟೋ ಹಾಕಿಸುತ್ತಾರೆ. ಮೂರೂ ಫೇಸ್ ಬಂದದ್ದು ನೋಡಿಕೊಂಡು, ಸ್ವಲ್ಪ ಹೊತ್ತು ತಡೆದು, ಮೋಟಾರ್ ತಾನೇ ಶುರುವಾಗುತ್ತದೆ. ಆ ತಡೆಯುವ ಹೊತ್ತನ್ನು ಮನುಷ್ಯರಿಗಾಗಿ ಇಟ್ಟಿಲ್ಲ. ಮೋಟಾರ್ ಶುರುವಾಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮೇಲಿನ ಎಲ್ಲಾ ಮೋಟಾರುಗಳು ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತು ಇಟ್ಟುಕೊಂಡರೆ ಬಚಾವ್. ಹೀಗೆ ಟಿಸಿಗಾಗಿ ಇಟ್ಟ ತಡೆ ಅದು.

ಆಮೇಲೆ ಮೊಬೈಲ್ ಸ್ಟಾರ್ಟರ್ ಬಂತು. ಸಿಮ್ ಹಾಕಿದರೆ ಮೋಟಾರ್ ಶುರುವಾದಾಗ, ನಿಂತಾಗ ಯಜಮಾನನಿಗೆ ಫೋನ್ ಮಾಡುತ್ತದೆ. ಎಲ್ಲರೂ ಮೆಚ್ಚಿದರು, ನಾನೂ ಎಷ್ಟೋ ಶೆಡ್ಡಿಗೆ ಕೂರಿಸಿ ಕೊಟ್ಟೆ. ಒಂದು ಶೆಡ್ಡಿನಲ್ಲಿ ಕೂಲಿಯವನೊಬ್ಬ ಮೋಟಾರು ಪಂಪು ಸೇರುವ ಕಪ್ಲಿಂಗ್ ಹತ್ತಿರ ಬಗ್ಗಿ ಕಸ ತೆಗೆಯುತ್ತಿದ್ದ. ಕರೆಂಟ್ ಇರಲಿಲ್ಲ. ಬಂತು. ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ ಸ್ವಿಚ್ ಟಕ್ ಅಂತು, ಮೋಟಾರ್ ಎದ್ದಿತು, ಹೆಗಲ ಮೇಲಿನ ಟವೆಲ್ ಸುತ್ತಿಕೊಂಡು ಎಳೆಯಿತು. ಟವೆಲ್ ಹಳೇದು, ಪರ್ ಅಂತ ಹರಿಯಿತು. ಹೊಸದಾಗಿದ್ದರೆ ಕುತ್ತಿಗೆ ಗತಿ ಏನು ಅಂತ ನೀವೇ ಯೋಚಿಸಿ. ಅದೇ ಹೊತ್ತಿಗೆ ಮುಧೋಳದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದ ಯಜಮಾನನ ಮೊಬೈಲ್ ರಿಂಗಾಗಿ, ನಿಮ್ಮ ಮೋಟಾರ್ ಶುರುವಾಗಿದೆ ಅಂತ ಹೇಳಿತು.

ಯಂತ್ರ ಹೇಳಲಿಲ್ಲ ಅನ್ನೋ ಹಾಗಿಲ್ಲ. ಹೇಳಿತು. ಹತ್ತು ಕಿಲೋಮೀಟರ್ ದೂರದಲ್ಲಿ ಕುರ್ಚಿ ಮೇಲೆ ಕೂತವನಿಗೆ ಹೇಳಿತು. ಅದರ ಮಗ್ಗುಲಲ್ಲೇ ಬಗ್ಗಿ ನಿಂತವನಿಗೆ ಹೇಳಲಿಲ್ಲ. ಅದೂ ಶುರುವಾದ ಮೇಲೆ ಹೇಳಿತು, ಮೊದಲು ಹೇಳಲಿಲ್ಲ. ನನಗೆ ಈ ವಿಷಯದಲ್ಲಿ ಇರುವ ತಕರಾರು ಇಷ್ಟೇ. ಯಂತ್ರ ಮಾಡಿದವರು ದುಡ್ಡು ಕೊಟ್ಟವನ ಜೊತೆ ಅದು ಮಾತಾಡುವ ಹಾಗೆ ಮಾಡುತ್ತಾರೆ. ಪೆಟ್ಟು ತಿನ್ನುವವನು ಬೇರೆ ಇರುತ್ತಾನೆ.

ಆ ಘಟನೆ ಆದಮೇಲೆ ಕೆಲವು ಶೆಡ್ಡುಗಳಿಗೆ ನಾನೇ ಒಂದು ಹೂಟರ್ ಕಟ್ಟಿಕೊಟ್ಟೆ. ಮೋಟಾರ್ ಏಳುವ ಮೊದಲು ಸ್ವಲ್ಪ ಹೊತ್ತು ಕೂಗುತ್ತದೆ. ಚೆನ್ನಾಗಿಯೇ ಇತ್ತು. ಆದರೆ ನಮ್ಮ ಕರೆಂಟು ಬಂದು ಹೋಗಿ ಬಂದು ಹೋಗಿ ಮಾಡುತ್ತದಲ್ಲ. ಬಂದಾಗಲೆಲ್ಲ ಹೂಟರ್ ಕೂಗುವುದು, ಮೋಟಾರ್ ಏಳುವ ಮೊದಲೇ ಕರೆಂಟ್ ಹೋಗುವುದು. ರಾತ್ರಿಯೆಲ್ಲ ಇದೇ. ನಾಯಿಗಳು ಬೊಗಳೋಕೆ ಶುರು, ಪಕ್ಕದ ತೋಟದ ಮನೆಯವರ ಬೈಗುಳ ಶುರು. ಒಂದೊಂದಾಗಿ ವೈರ್ ಕತ್ತರಿಸಿ ಹಾಕಿದರು. ಅವರಿಗೆ ಬೈಯೋಕೆ ನನಗೆ ಬಾಯಿಲ್ಲ. ಕೂಗಿದ ಮೇಲೆ ಏನೂ ಆಗಲಿಲ್ಲ ಅಂದರೆ ಯಾರು ತಾನೇ ಕಿವಿ ಕೊಡುತ್ತಾರೆ?

ದೊಡ್ಡ ದೊಡ್ಡವರಿಗೂ ಇದೇ ಗೋಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇಮೋ ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿಗಳು ಓಡುತ್ತವೆ. ಯಾವುದಾದರೂ ಗಾಡಿ ರಿವರ್ಸ್‌ನಲ್ಲಿ ತೀರಾ ಹತ್ತಿರ ಬಂದರೆ ಹಾರ್ನ್ ಹೊಡೆಯಲಿ ಅಂತ ಅವಕ್ಕೆ ಕಲಿಸಿದ್ದರು. ಒಳ್ಳೆಯದೇ. 2024ರ ಆಗಸ್ಟ್‌ನಲ್ಲಿ ಏನಾಯಿತು ಅಂದರೆ, ಆ ಟ್ಯಾಕ್ಸಿಗಳನ್ನು ನಿಲ್ಲಿಸುವ ಒಂದು ಜಾಗದಲ್ಲಿ ಒಂದು ರಿವರ್ಸ್ ತಗೊಂಡರೆ ಇನ್ನೊಂದು ಹಾರ್ನ್, ಅದಕ್ಕೆ ಮತ್ತೊಂದು ಹಾರ್ನ್. ಬೆಳಗಿನ ಜಾವ 4 ಗಂಟೆಗೆ. ಒಳಗೆ ಒಬ್ಬ ಮನುಷ್ಯನೂ ಇಲ್ಲ. ಅಕ್ಕಪಕ್ಕದ ಮನೆಯವರಿಗೆ ನಿದ್ದೆಯಿಲ್ಲ. ಕಡೆಗೆ ಕಂಪನಿ ಸಾಫ್ಟ್‌ವೇರ್ ತಿದ್ದಿತು. ಯಂತ್ರವೇ ಯಂತ್ರಕ್ಕೆ ಹುಷಾರು ಹೇಳಿದರೆ ಕೇಳುವವರಿಗೆ ಏನು ಪ್ರಯೋಜನ?

ಕಾರಿನ ಹಿಂದಿನ ಗಾಜಿನಲ್ಲಿ ಮೂರನೇ ಬ್ರೇಕ್ ಲೈಟ್ ನೋಡಿರುತ್ತೀರಿ. ಅದರ ಕಥೆಯೂ ಇಂಥದ್ದೇ. 1974ರಲ್ಲಿ ಜಾನ್ ವೋವೊಡ್‌ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಇಂಥದ್ದೊಂದು ದೀಪ ಹಾಕಿಸಿ ನೋಡಿದರು. ಹಿಂದಿನಿಂದ ಗುದ್ದುವುದು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು. 1986ರ ಮಾಡೆಲಿನಿಂದ ಅಮೆರಿಕದ ಎಲ್ಲಾ ಹೊಸ ಕಾರಿಗೂ ಕಡ್ಡಾಯ ಮಾಡಿದರು. ವರ್ಷಗಳು ಕಳೆದು ಲೆಕ್ಕ ಹಾಕಿದರೆ, 1998ರ ಸರ್ಕಾರಿ ವರದಿಯ ಪ್ರಕಾರ, ಇಳಿಕೆ ಬರೀ 4.3 ಶೇಕಡಾ. ಹೊಸದಾಗಿ ಇದ್ದಾಗ ಕಣ್ಣು ಸೆಳೆಯಿತು, ಎಲ್ಲಾ ಕಾರಿಗೂ ಬಂದ ಮೇಲೆ ಕಣ್ಣಿಗೆ ರೂಢಿಯಾಯಿತು. ಹಾಗಂತ 4.3 ಸಣ್ಣದೇನಲ್ಲ. ಅಷ್ಟು ಜನ ಆಸ್ಪತ್ರೆ ನೋಡದೆ ಉಳಿದರು ಅಂತ ಅರ್ಥ. ನನ್ನ ಹೂಟರಿಗೆ ಅಷ್ಟೂ ಆಯುಸ್ಸು ಸಿಗಲಿಲ್ಲ.

ಡ್ರೈವರ್ ಇಲ್ಲದ ಕಾರು ಮಾಡುವವರು ಈ ವಿಷಯಕ್ಕೆ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಅಂತ ನೋಡಿದರೆ ಮಜಾ ಬರುತ್ತದೆ. 2015ರಲ್ಲಿ ನಿಸ್ಸಾನ್ ತೋರಿಸಿದ ಒಂದು ಮಾದರಿ ಕಾರಿನ ಮುಂದಿನ ಗಾಜಿನಲ್ಲಿ 'ನೀವು ಮೊದಲು ಹೋಗಿ' ಅನ್ನುವಂಥ ಅಕ್ಷರ ಮೂಡುತ್ತಿತ್ತು. ಅದೇ ವರ್ಷ ಮರ್ಸಿಡಿಸ್‌ನವರ ಕಾರು ರಸ್ತೆ ಮೇಲೆ ಬೆಳಕಿನಲ್ಲಿ ಜೀಬ್ರಾ ಪಟ್ಟಿ ಬರೆಯುತ್ತಿತ್ತು. 2016ರಲ್ಲಿ ಸ್ವೀಡನ್ನಿನ ಸೆಮ್‌ಕಾನ್ ಕಂಪನಿ ಕಾರಿನ ಮೂತಿಯಲ್ಲಿ ನಗು ಮೂಡಿಸಿತು. ದಾಟುವವರನ್ನು ಕಂಡರೆ ಕಾರು ನಗಬೇಕಂತೆ. 2018ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್‌ನವರು ದೊಡ್ಡ ದೊಡ್ಡ ಕಣ್ಣು ಅಂಟಿಸಿದ ಗಾಡಿ ಓಡಿಸಿ ನೋಡಿದರು. ನೀವು ದಾಟೋಕೆ ನಿಂತರೆ ಆ ಕಣ್ಣುಗಳು ನಿಮ್ಮ ಕಡೆ ತಿರುಗುತ್ತವೆ.

ನನಗೆ ನಗುವ ಕಾರು ಸೇರಲಿಲ್ಲ. ನಕ್ಕಿತು, ಸರಿ. ನಿಲ್ಲುತ್ತದೋ ಇಲ್ಲವೋ? ನಗುತ್ತಲೇ ಗುದ್ದಿದರೆ? 'ನೀವು ಮೊದಲು ಹೋಗಿ' ಅನ್ನುವುದು ಇನ್ನೂ ಕೆಟ್ಟದ್ದು. ಆ ಕಾರು ನಿಲ್ಲಬಹುದು, ಪಕ್ಕದಲ್ಲಿ ನುಗ್ಗಿ ಬರುವ ಬೈಕಿನವನು ನಿಲ್ಲುತ್ತಾನಾ? ಕಬ್ಬಿನ ಸೀಜನ್ನಿನಲ್ಲಿ ಮುಧೋಳದ ರಸ್ತೆಯಲ್ಲಿ ನಿಂತು ನೋಡಿ. ಒಂದು ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್, ಮೇಲೆ ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ, ಹಿಂದಿನ ದೀಪ ಇದ್ದರೆ ಪುಣ್ಯ. ಅದರ ಡ್ರೈವರ್ ಕೈ ಬೀಸಿ ಹೋಗ್ರಿ ಅಂದ ಅಂತ ಯಾರಾದರೂ ಹಿಂದೆ ಮುಂದೆ ನೋಡದೆ ನುಗ್ಗಿದರೆ ಕಥೆ ಮುಗಿಯಿತು. ನಾನು ನಿಲ್ಲುತ್ತೇನೆ ಅಂತ ಯಂತ್ರ ಹೇಳಲಿ. ನಾನು ದಾಟಬೇಕೋ ಬೇಡವೋ ನಾನು ನೋಡಿಕೊಳ್ಳುತ್ತೇನೆ.

ನಮ್ಮ ದೇಶಕ್ಕೆ ಇಂಥ ಕಾರು ಬಿಡುವುದೇ ಇಲ್ಲ ಅಂತ ಗಡ್ಕರಿಯವರು 2023ರಲ್ಲೂ ಹೇಳಿದ್ದರು, ಡ್ರೈವರ್‌ಗಳ ಕೆಲಸ ಹೋಗುತ್ತದೆ ಅಂತ. ಅದು ಬೇರೆ ವಿಷಯ.

ಇಷ್ಟೆಲ್ಲಾ ದೀಪ, ಕಣ್ಣು, ನಗು ಆದಮೇಲೆ ಸಂಶೋಧಕರು ಕಂಡುಕೊಂಡದ್ದು ನಮ್ಮೂರ ಅಜ್ಜಿಗೂ ಗೊತ್ತಿರುವ ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಬ್ಬ ಡ್ರೈವರ್‌ಗೆ ಕಾರಿನ ಸೀಟಿನ ಥರದ ವೇಷ ತೊಡಿಸಿ ಕೂರಿಸಿದರು. ಹೊರಗಿನಿಂದ ನೋಡಿದರೆ ಖಾಲಿ ಸೀಟು. ಹೀಗೆ ಕ್ಯಾಂಪಸ್ಸಿನಲ್ಲಿ ಓಡಾಡಿಸಿದರೆ, ಡ್ರೈವರ್ ಕಾಣದಿದ್ದರೂ ಜನ ಹೆಚ್ಚಾಗಿ ಎಂದಿನಂತೆಯೇ ದಾಟಿದರು. ಕಾರು ಸರಿಯಾಗಿ ನಿಧಾನ ಮಾಡಿ ನಿಂತಿತಲ್ಲ, ಅವರಿಗೆ ಅಷ್ಟು ಸಾಕಾಯಿತು. 2017ರಲ್ಲಿ ಫೋರ್ಡ್‌ನವರು ವರ್ಜೀನಿಯಾ ಟೆಕ್ ಜೊತೆ ಸೇರಿ ಇದೇ ವೇಷ ಹಾಕಿಸಿ, ಮೇಲೊಂದು ಬಿಳಿ ದೀಪದ ಪಟ್ಟಿಯನ್ನೂ ಹಚ್ಚಿ ನೋಡಿದರು. ಪಾಪ, ಆ ಬಿಸಿಲಲ್ಲಿ ಸೀಟಿನ ವೇಷದೊಳಗೆ ಕೂತವನ ಗತಿ. ದಾಟುವವರು ಮೊದಲು ನೋಡುವುದು ಗಾಡಿಯ ವೇಗ, ಅದು ಎಷ್ಟು ದೂರದಲ್ಲಿದೆ ಅನ್ನುವುದು. ಡ್ರೈವರ್ ಕಣ್ಣು ಅಷ್ಟು ದೂರದಿಂದ ಗಾಜಿನೊಳಗೆ ಕಾಣುವುದೂ ಇಲ್ಲ.

2023ರ ಕೊನೆಗೆ ಮರ್ಸಿಡಿಸ್‌ಗೆ ಕ್ಯಾಲಿಫೋರ್ನಿಯಾ, ನೆವಾಡಾ ಎರಡು ಕಡೆ ಹಸಿರು-ನೀಲಿ ಬಣ್ಣದ ದೀಪ ಹಾಕೋಕೆ ಒಪ್ಪಿಗೆ ಸಿಕ್ಕಿತು. ಕಾರು ತಾನೇ ಓಡುತ್ತಿರುವಾಗ ಆ ದೀಪ ಉರಿಯುತ್ತದೆ. ಸಿಗ್ನಲ್ಲಿಗೂ ಆಂಬುಲೆನ್ಸಿಗೂ ಬಳಸದ ಬಣ್ಣ ಅಂತ ಅದನ್ನು ಆರಿಸಿದ್ದು. ಯಾರು ಓಡಿಸುತ್ತಿದ್ದಾರೆ ಅಂತ ಅದರಿಂದ ತಿಳಿಯುತ್ತದೆ. ಮುಂದೆ ಏನು ಮಾಡುತ್ತದೆ ಅಂತ ತಿಳಿಯುವುದಿಲ್ಲ.

ನಿಂತ ಯಂತ್ರದ ಕಷ್ಟ ಅಲ್ಲೂ ಇದೆ. 2019ರಲ್ಲಿ ಪಿಟ್ಸ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಊಟ ತಲುಪಿಸುವ ಪುಟ್ಟ ರೋಬೋಗಳು ಓಡಾಡುತ್ತಿದ್ದವು. ವೀಲ್‌ಚೇರಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬರು ರಸ್ತೆ ದಾಟಿ ಫುಟ್‌ಪಾತ್ ಹತ್ತೋಕೆ ಹೋದರೆ, ಹತ್ತುವ ಇಳಿಜಾರಿನಲ್ಲೇ ರೋಬೋ ನಿಂತುಬಿಟ್ಟಿತ್ತಂತೆ. ಅವರು ರಸ್ತೆಯಲ್ಲೇ ಸಿಕ್ಕಿಕೊಂಡರು. ವಿಶ್ವವಿದ್ಯಾಲಯ ಕೆಲಕಾಲ ಆ ಪ್ರಯೋಗ ನಿಲ್ಲಿಸಿತು. ದಾಟೋಕೆ ಕಾಯುತ್ತಿದೆಯೋ, ಕೆಟ್ಟಿದೆಯೋ, ದಾರಿ ಬಿಡುತ್ತದೋ, ಯಾರಿಗೆ ಗೊತ್ತಾಗಬೇಕು? ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಡುಹೊಲದಲ್ಲಿ ನಿಂತ ನನ್ನ ಡ್ರೋನೇ.

ಈಗ ಮುಖ ಬೆನ್ನಿನ ವಿಷಯಕ್ಕೆ ಬರುತ್ತೇನೆ.

ಎತ್ತು ತಿರುಗುವ ಮೊದಲು ಕತ್ತು ತಿರುಗಿಸುತ್ತದೆ. ಒದೆಯುವ ಮೊದಲು ಕಿವಿ ಹಿಂದಕ್ಕೆ ಹಾಕುತ್ತದೆ. ಎತ್ತು ಕಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ನೋಡಿ ನೋಡಿ ಬಂದಿರುತ್ತದೆ. ಅದೇ ಕಣ್ಣಿನಿಂದ ಅವನು ಡ್ರೋನನ್ನೂ ನೋಡುತ್ತಾನೆ. ಕ್ಯಾಮೆರಾ ಇರುವ ಕಡೆ ಮುಖ, ಹಾಗಾದರೆ ಆ ಕಡೆಯೇ ಹೋಗುತ್ತದೆ ಅಂತ ತಿಳಿದು, ಬೆನ್ನ ಕಡೆ ನಿರಾಳವಾಗಿ ನಿಲ್ಲುತ್ತಾನೆ. ಆದರೆ ಡ್ರೋನಿಗೆ ಮುಖವೂ ಒಂದೇ ಬೆನ್ನೂ ಒಂದೇ. ಯಾವ ಕಡೆಗಾದರೂ ಹಾಗೇ ಹೋಗಬಲ್ಲದು. ಔಷಧ ಹೊಡೆಯುವಾಗ ಸಾಲಿನ ತುದಿಗೆ ಹೋಗಿ ಪ್ರತಿ ಸಲ ತಿರುಗುತ್ತಾ ಕೂತರೆ ಹೊತ್ತೂ ಹಾಳು, ಬ್ಯಾಟರಿಯೂ ಹಾಳು. ಅದಕ್ಕೆ ಒಂದು ಸಾಲು ಮುಂದಕ್ಕೆ ಹೋಗಿ, ಪಕ್ಕಕ್ಕೆ ಸರಿದು, ಮುಂದಿನ ಸಾಲು ಹಿಂದಕ್ಕೇ ಬರುವ ಹಾಗೆ ಇಟ್ಟಿರುತ್ತಾರೆ. ಮನೆಗೆ ವಾಪಸ್ ಬರುವಾಗಲೂ ಅಷ್ಟೇ. ಆರ್ಡುಪೈಲಟ್‌ನಲ್ಲಿ ಮೊದಲಿನಿಂದ ಇರುವ ಸೆಟ್ಟಿಂಗ್ ಪ್ರಕಾರ, ನಾವು ಬೇರೆ ಥರ ಹೇಳದಿದ್ದರೆ ಉಳಿದ ಕಡೆಯೆಲ್ಲ ಹೋಗುವ ದಿಕ್ಕಿಗೆ ಮೂತಿ ತಿರುಗಿಸುತ್ತದೆ, ಮನೆಗೆ ಬರುವಾಗ ಮಾತ್ರ ತಿರುಗಿಸುವುದಿಲ್ಲ. ಎತ್ತ ಮುಖ ಮಾಡಿತ್ತೋ ಹಾಗೇ ಬರುತ್ತದೆ. ಪೈಲಟ್‌ಗೆ ರಿಮೋಟಿನಲ್ಲಿ ನಡೆಸೋಕೆ ಅದು ಸಲೀಸು. ನೋಡುವವನಿಗೆ ಮಾತ್ರ ಬೆನ್ನು ಹಾಕಿಕೊಂಡು ಮೈಮೇಲೆ ಬರುವ ಯಂತ್ರ.

ರೋಬೋ ಲೋಕದಲ್ಲಿ ಇದರ ಬಗ್ಗೆ ಗಟ್ಟಿ ಕೆಲಸ ಆಗಿದೆ. 2012ರಲ್ಲಿ ರಾಡ್ನಿ ಬ್ರೂಕ್ಸ್ ಅವರ ಕಂಪನಿ ಬ್ಯಾಕ್ಸ್‌ಟರ್ ಅನ್ನುವ ಕಾರ್ಖಾನೆ ರೋಬೋ ತಂದಿತು. ಅದರ ತಲೆಯ ಜಾಗದಲ್ಲಿ ಒಂದು ಪರದೆ, ಪರದೆಯಲ್ಲಿ ಎರಡು ಕಣ್ಣು. ಕೈ ಯಾವ ಕಡೆ ಹೋಗಬೇಕೋ ಕಣ್ಣು ಮೊದಲು ಆ ಕಡೆ ನೋಡುತ್ತಿತ್ತು. ಜಾಗ್ವಾರ್ ಕಣ್ಣು ನಿಮ್ಮನ್ನು ಕಂಡಿದ್ದೇನೆ ಅನ್ನುತ್ತದೆ, ಬ್ಯಾಕ್ಸ್‌ಟರ್ ಕಣ್ಣು ನಾನು ಇಲ್ಲಿಗೆ ಕೈ ಹಾಕುತ್ತೇನೆ ಅನ್ನುತ್ತದೆ. ಎರಡನೆಯದೇ ನನಗೆ ಬೇಕಾದದ್ದು. ಕಂಪನಿ 2018ರಲ್ಲಿ ಮುಚ್ಚಿಹೋಯಿತು, ಆದರೆ ಆ ವಿಚಾರ ಚೆನ್ನಾಗಿತ್ತು.

2013ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಕಾ ಡ್ರಾಗನ್, ಸಿದ್ಧಾರ್ಥ ಶ್ರೀನಿವಾಸ, ಅವರ ಜೊತೆ ಕೆಂಟನ್ ಲೀ ಬರೆದದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಮೇಜಿನ ಮೇಲೆ ಎರಡು ವಸ್ತು ಪಕ್ಕಪಕ್ಕ ಇವೆ. ರೋಬೋ ಬಲಗಡೆಯದನ್ನು ಎತ್ತಬೇಕು. ನೇರ ದಾರಿಯಲ್ಲಿ ಕೈ ಚಾಚಿದರೆ ಹತ್ತಿರ ಬರುವವರೆಗೂ ಎಡದ್ದೋ ಬಲದ್ದೋ ನೋಡುವವನಿಗೆ ತಿಳಿಯುವುದಿಲ್ಲ. ಅದೇ ಸ್ವಲ್ಪ ಬಲಕ್ಕೆ ಬಳಸಿ, ಬೇಕೆಂದೇ ಸುತ್ತಿ ಹೋದರೆ? ದಾರಿ ಉದ್ದವಾಗುತ್ತದೆ, ಆದರೆ ಶುರುವಿನಲ್ಲೇ ತಿಳಿದುಹೋಗುತ್ತದೆ. ಯಂತ್ರಕ್ಕೆ ಸಲೀಸಾದ ದಾರಿ ಬೇರೆ, ಮನುಷ್ಯನಿಗೆ ತಿಳಿಯುವ ದಾರಿ ಬೇರೆ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಬೀಪ್ ಬೇಡ, ದೀಪ ಬೇಡ, ನಡೆಯುವ ರೀತಿಯಲ್ಲೇ ಹೇಳಿಬಿಡುವುದು.

ಇದನ್ನು ಓದಿದ ಮೇಲೆ ನಾನು ಮನೆಗೆ ಬರುವಾಗ ಮೂತಿ ತಿರುಗಿಸದ ಆ ಸೆಟ್ಟಿಂಗ್ ಬದಲಾಯಿಸಿದೆ. ಈಗ ನನ್ನ ಡ್ರೋನ್ ವಾಪಸ್ ಹೊರಡುತ್ತಲೇ ಮೂತಿ ಸುಣ್ಣದ ಸುತ್ತಿನ ಕಡೆ ತಿರುಗಿಸುತ್ತದೆ, ಮೂತಿ ಮುಂದಿಟ್ಟುಕೊಂಡೇ ಬರುತ್ತದೆ. ಬರುವ ವೇಗವನ್ನೂ ಇಳಿಸಿದ್ದೇನೆ. ಮೂತಿ ತಿರುಗಿದ್ದೇ ತಡ, ಒಡ್ಡಿನ ಮೇಲಿದ್ದವರು "ಬಂತ್ ಬಂತು, ಸರೀರಿ" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾನು ಬಾಯಿ ಬಿಡುವ ಮೊದಲೇ. ಜಮಖಂಡಿ ಕಡೆ ಡ್ರೋನ್ ಹಾರಿಸುವ ಗೆಳೆಯನೊಬ್ಬ ಇದನ್ನು ನೋಡಿ ನಕ್ಕ. ಸುಮ್ನೆ ಬ್ಯಾಟರಿ ಸುಡ್ತೀಯಲ್ಲೋ, ದಿನಕ್ಕೆ ಎಷ್ಟು ಹೊತ್ತು ಹೋಗ್ತೈತಿ ನೋಡು ಅಂದ. ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ಸಾಲುಗಳಲ್ಲಿ ಮಾತ್ರ ನಾನೂ ಹಿಂದೆ ಮುಂದೆಯೇ ಬಿಟ್ಟಿದ್ದೇನೆ, ಅಲ್ಲೂ ತಿರುಗಿಸುತ್ತಾ ಹೋದರೆ ದುಡಿಮೆ ಗಿಟ್ಟುವುದಿಲ್ಲ. ಕಬ್ಬಿನೊಳಗೆ ಹೇಗೂ ಜನ ಇರುವುದಿಲ್ಲ.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೆ ಇನ್ನೊಂದು ಹುಚ್ಚು ಹಿಡಿದಿದೆ. ಡ್ರೋನ್ ನೋಡಿಕೊಳ್ಳುವ ಆ್ಯಪು ಏನಾದರೂ ಬದಲಾದರೆ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತದೆ. ಅದನ್ನು ಕನ್ನಡದಲ್ಲಿ ಹೇಳಿಸಿ, ಸ್ಪೀಕರನ್ನು ಬ್ಯಾಟರಿ ಪೆಟ್ಟಿಗೆ ಮೇಲೆ ಇಡೋಣ ಮಾಮಾ ಅಂತ ಅವನ ಯೋಜನೆ. ಡ್ರೋನಿನಲ್ಲೇ ಸ್ಪೀಕರ್ ಇಟ್ಟರೆ ರೆಕ್ಕೆ ಸದ್ದಿಗೆ ಏನೂ ಕೇಳುವುದಿಲ್ಲ, ನೆಲದ ಮೇಲಿದ್ದರೆ ಕೇಳುತ್ತದೆ. ಅಮೆರಿಕದ ಲಿಫ್ಟ್‌ಗಳಲ್ಲಿ ಮೇಲೆ ಹೋಗುವುದಕ್ಕೆ ಒಂದು ಸಲ, ಕೆಳಗೆ ಬರುವುದಕ್ಕೆ ಎರಡು ಸಲ ಗಂಟೆ ಹೊಡೆಯುತ್ತದೆ, ಕಣ್ಣು ಕಾಣದವರಿಗೆ ಅನುಕೂಲ ಆಗಲಿ ಅಂತ. ಹಾಗೆ ಮಾಡೋಣವಾ ಅಂತಲೂ ಕೇಳಿದ. ನಾನು ಬೇಡ ಅಂದೆ. ದಿನಾ ಅದೇ ಲಿಫ್ಟ್ ಹತ್ತುವವರು ನೆನಪಿಟ್ಟುಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಡ್ರೋನ್ ನೋಡುವವರು ಎಲ್ಲಿ ಇಟ್ಟುಕೊಳ್ಳುತ್ತಾರೆ?

ಏನು ಹೇಳಿಸಬೇಕು ಅನ್ನುವುದರಲ್ಲಿ ನಮಗಿಬ್ಬರಿಗೂ ಇನ್ನೂ ಜಗಳ. ದೂರ ಸರಿಯಿರಿ ಅಂತ ಹೇಳಿಸೋಣ ಅಂತ ಅವನು. ಯಾವ ಕಡೆ ಸರಿಯಬೇಕು ಅಂತ ಕಾಕಾನ ಹತ್ತಿರ ಕೇಳು ಹೋಗು ಅಂತ ನಾನು. ಮೇಲಕ್ಕೆ ಹೋಗುತ್ತಿದ್ದೇನೆ, ಸುಣ್ಣದ ಸುತ್ತಿಗೆ ಬರುತ್ತಿದ್ದೇನೆ, ಇಷ್ಟು ಹೇಳಿದರೆ ಸಾಕು ಅನ್ನುವುದು ನನ್ನ ವಾದ. ಹೊರಡುವ ಮೊದಲೇ ಹೇಳಬೇಕು, ಕರೆಂಟಿನ ಹೂಟರ್ ಥರ ಸುಳ್ಳು ಸುಳ್ಳೇ ಕೂಗಬಾರದು. ಕಬ್ಬು ಕಟಾವು ಮುಗಿದು ಹೊಲ ಖಾಲಿಯಾದ ಮೇಲೆ ಒಂದು ಸಲ ಹಾರಿಸಿ ನೋಡುತ್ತೇವೆ.

ಆರ್ಡುಪೈಲಟ್ ಇರುವ ಡ್ರೋನ್ ಹಾರಿಸುವವರು ಯಾರಾದರೂ ಓದುತ್ತಿದ್ದರೆ, ಸೆಟ್ಟಿಂಗ್ ಪಟ್ಟಿಯಲ್ಲಿ 'ಡಬ್ಲ್ಯೂಪಿ ಯಾ ಬಿಹೇವಿಯರ್' (WP_YAW_BEHAVIOR) ಅಂತ ಇರುತ್ತದೆ. ಅಲ್ಲಿ 2 ಅಂತ ಇರುತ್ತದೆ, 1 ಮಾಡಿ. ಮೊದಲ ಸಲ ಟ್ಯಾಂಕ್ ಖಾಲಿ ಇಟ್ಟುಕೊಂಡು, ಜನ ಇಲ್ಲದ ಕಡೆ ಹಾರಿಸಿ ನೋಡಿ. ಮೂತಿ ತಿರುಗುವಾಗ ಎಡ ಬಲ ಅದಲುಬದಲಾದ ಹಾಗೆ ಅನ್ನಿಸುತ್ತದೆ, ರಿಮೋಟಿನ ಕಡ್ಡಿ ಅಲ್ಲಾಡಿಸೋಕೆ ಹೋಗಬೇಡಿ, ಅದರ ಪಾಡಿಗೆ ಬಿಡಿ.